ಕುಶಾಲನಗರದಲ್ಲಿ ಕೂತು ತ್ವೇರ್ ಅನ್ನೋ ರಷ್ಯಾದ ಊರನ್ನ ತಿಳ್ಕೊಳ್ಳೋದು ಹೇಗೆ

ಅಕ್ಕನ ಮಗಳಿಗೆ ರಷ್ಯಾದಲ್ಲಿ ಮೆಡಿಕಲ್ ಸೀಟ್ ಸಿಕ್ತು, ಊರು ತ್ವೇರ್ ಅಂತ ಗೊತ್ತಾದಾಗ ನಮ್ಮ ಮನೇಲಿ ಆ ಹೆಸರನ್ನ ಸರಿಯಾಗಿ ಹೇಳಿದೋರು ಒಬ್ಬರೂ ಇಲ್ಲ. ಅಮ್ಮ "ತೇರು ಅಂತ ಊರಿನ ಹೆಸರಾ, ಒಳ್ಳೇದೇ ಬಿಡು" ಅಂದ್ಬಿಟ್ರು. ಭಾವ ಇನ್ನೂ ಒಂದು ಹೆಜ್ಜೆ ಮುಂದೆ, ಆ ಊರಿಗೆ ಮೊದಲು ಕಲೀನಿನ್ ಅಂತ ಹೆಸರಿತ್ತು ಅಂತ ಎಲ್ಲೋ ಓದಿ ಮ್ಯಾಪಲ್ಲಿ ಅದನ್ನೇ ಟೈಪ್ ಮಾಡಿದ್ರು, ಮೇಲೆ ಬಂದಿದ್ದು ಕಲೀನಿನ್‌ಗ್ರಾಡ್, ಅದನ್ನೇ ಒತ್ತಿ ನೋಡಿದ್ರೆ ಪೋಲೆಂಡ್ ಪಕ್ಕ, ಸಮುದ್ರದ ದಡ, ಉಳಿದ ರಷ್ಯಾಕ್ಕೆ ಅಂಟ್ಕೊಂಡೇ ಇಲ್ಲ. ಎರಡು ದಿನ ಮನೇಲಿ ಯಾರಿಗೂ ಸರಿಯಾಗಿ ನಿದ್ದೆ ಇಲ್ಲ. ಆಮೇಲೆ ನಾನೇ ಕೂತು ಆ ಊರನ್ನ ಒಂದು ನೋಟ್‌ಬುಕ್ ಇಟ್ಕೊಂಡು ಓದೋಕೆ ಶುರು ಮಾಡ್ದೆ, ಮಳೆಗಾಲ, ಕರೆಂಟ್ ಬಂದು ಹೋಗಿ ಮಾಡ್ತಿತ್ತು, ಬೇರೆ ಕೆಲಸಾನೂ ಇರಲಿಲ್ಲ. ನಿಮ್ಮ ಮನೆ ಮಕ್ಕಳೂ ಆ ಕಡೆ ಎಲ್ಲಾದ್ರೂ ಹೊರಟಿದ್ರೆ, ಅಥವಾ ಸುಮ್ನೆ ಒಂದು ದೂರದ ಊರು ತಿಳ್ಕೊಳ್ಳೋ ಆಸೆ ಇದ್ರೆ, ನಾನು ಮಾಡಿದ ಕ್ರಮ ಇಲ್ಲಿದೆ. ಉದಾಹರಣೆ ಪೂರ್ತಿ ತ್ವೇರ್‌ದೇ.

ಮೊದಲು ಹೆಸರನ್ನ ಇತ್ಯರ್ಥ ಮಾಡ್ಕೊಳ್ಳಿ. ರಷ್ಯಾದ ಊರುಗಳು ಕಳೆದ ನೂರು ವರ್ಷದಲ್ಲಿ ಹೆಸರು ಬದಲಾಯಿಸಿದಷ್ಟು ನಮ್ಮೋರು ಸಿಮ್ ಕೂಡ ಬದಲಾಯಿಸಿಲ್ಲ. ತ್ವೇರ್ 1931ರಿಂದ 1990ರ ತನಕ ಕಲೀನಿನ್ ಆಗಿತ್ತು, ಮಿಖಾಯಿಲ್ ಕಲೀನಿನ್ ಅನ್ನೋ ಸೋವಿಯತ್ ನಾಯಕ ಹುಟ್ಟಿದ್ದು ಅದೇ ಸೀಮೆಯ ಹಳ್ಳೀಲಿ ಅನ್ನೋ ಕಾರಣಕ್ಕೆ. ಅದೇ ಮನುಷ್ಯನ ಹೆಸರನ್ನೇ 1946ರಲ್ಲಿ ಜರ್ಮನ್ನರಿಂದ ಕಿತ್ಕೊಂಡ ಕೋನಿಗ್ಸ್‌ಬರ್ಗ್‌ಗೂ ಇಟ್ರು, ಅದು ಕಲೀನಿನ್‌ಗ್ರಾಡ್, ಭಾವ ಹೋಗಿ ಬಿದ್ದಿದ್ದು ಅಲ್ಲಿ. ಹಾಗಾಗಿ 1931ರಿಂದ 1990ರ ಒಳಗಿನ ಯಾವುದೇ ಬರಹ, ಫೋಟೋ, ಯುದ್ಧದ ಸುದ್ದಿ ಹುಡುಕೋವಾಗ ಹಳೇ ಹೆಸರು ಹಾಕಿ, ಬೇರೆದಕ್ಕೆಲ್ಲ ಈಗಿನ ಹೆಸರು. ನಮಗಿದು ಹೊಸದೇನಲ್ಲ, ಮಡಿಕೇರಿ ಬಗ್ಗೆ ಬ್ರಿಟಿಷರ ಕಾಲದ ಕಾಗದ ಬೇಕಂದ್ರೆ ಮರ್ಕಾರಾ ಅಂತ ಹುಡುಕ್ಬೇಕು, ನಮ್ಮ ಕುಶಾಲನಗರ ಫ್ರೇಸರ್‌ಪೇಟೆ ಅಂತಲೇ ಸಿಗೋದು.

ಆಮೇಲೆ ಅಕ್ಷರ. ಪೂರ್ತಿ ರಷ್ಯನ್ ಕಲೀಬೇಕಿಲ್ಲ, ಆದ್ರೆ ಮ್ಯಾಪ್ ಓದೋಕೆ ಬೇಕಾದಷ್ಟು ಒಂದು ಸಂಜೇಲಿ ಬರುತ್ತೆ. ಮೋಸ ಮಾಡೋ ಅಕ್ಷರಗಳನ್ನ ಮೊದಲು ಹಿಡ್ಕೊಳ್ಳಿ: ಇಂಗ್ಲಿಷಿನ ಪಿ ಥರ ಕಾಣೋದು ಅಲ್ಲಿ ರ್, ಬಿ ಥರ ಕಾಣೋದು ವ್, ಸಿ ಥರ ಕಾಣೋದು ಸ್, ಎಚ್ ಥರ ಕಾಣೋದು ನ್. ತ್ವೇರ್ ಅಂತ ಅವರ ಲಿಪೀಲಿ ಬರೆದ್ರೆ ನಮ್ಮ ಕಣ್ಣಿಗೆ ಟಿ, ಬಿ, ಇ, ಪಿ ಅಂತ ಕಾಣುತ್ತೆ, ಕೊನೇಲಿ ಚಿಕ್ಕ ಬಿ ಥರದ್ದೊಂದು ಬಾಲ, ಅದಕ್ಕೆ ಉಚ್ಚಾರ ಇಲ್ಲ, ಹಿಂದಿನ ರ್ ಸ್ವಲ್ಪ ಮೆತ್ತಗಾಗುತ್ತೆ ಅಷ್ಟೇ. ಜತೆಗೆ ನಾಲ್ಕೈದು ಪದ ಬರ್ಕೊಳ್ಳಿ. ಉಲಿತ್ಸಾ ಅಂದ್ರೆ ಬೀದಿ, ಪ್ಲೋಷದ್ ಅಂದ್ರೆ ಚೌಕ, ಮೋಸ್ತ್ ಅಂದ್ರೆ ಸೇತುವೆ, ನಾಬೆರೆಝ್ನಾಯಾ ಅಂದ್ರೆ ನದಿ ದಡದ ರಸ್ತೆ, ಅಬ್ಲಾಸ್ತ್ ಅಂದ್ರೆ ಅವರ ಪ್ರಾಂತ್ಯ. ಈ ಕೊನೇದು ಮುಖ್ಯ, ಯಾಕಂದ್ರೆ ತ್ವೇರ್ ಊರು ಬೇರೆ, ತ್ವೇರ್ ಅಬ್ಲಾಸ್ತ್ ಬೇರೆ. ಊರಲ್ಲಿ ಜನ ಸುಮಾರು 4 ಲಕ್ಷ. ಅಬ್ಲಾಸ್ತ್ ಮಾತ್ರ 84 ಸಾವಿರ ಚದರ ಕಿಲೋಮೀಟರ್, ಅಂದ್ರೆ ನಮ್ಮ ಕೊಡಗಿನಂಥ ಜಿಲ್ಲೆ ಇಪ್ಪತ್ತು ಇಟ್ರೂ ಹಿಡಿಯುತ್ತೆ, ಅಷ್ಟು ಜಾಗದಲ್ಲಿ ಇರೋ ಜನ ಸುಮಾರು 12 ಲಕ್ಷ ಮಾತ್ರ, ಉಳಿದಿದ್ದೆಲ್ಲ ಕಾಡು, ಜೌಗು, ಕೆರೆ.

ಈಗ ನದಿ. ನನ್ನ ಪ್ರಕಾರ ಯಾವ ಊರನ್ನೇ ಆಗಲಿ ನದಿಯಿಂದ ಶುರು ಮಾಡ್ಬೇಕು, ರಾಜರಿಂದ ಅಲ್ಲ. ಮ್ಯಾಪಲ್ಲಿ ಊರಿನ ಹೆಸರು, ರಸ್ತೆ ಎಲ್ಲ ಮರೆತು ಬರೀ ನೀಲಿ ಗೆರೆ ನೋಡಿ. ತ್ವೇರ್ ಕೂತಿರೋದು ಮೂರು ನದಿ ಸೇರೋ ಜಾಗದಲ್ಲಿ: ದೊಡ್ಡದು ವೋಲ್ಗಾ, ಉತ್ತರದಿಂದ ಬಂದು ಸೇರೋದು ತ್ವೆರ್ತ್ಸಾ, ದಕ್ಷಿಣದಿಂದ ತ್ಮಾಕಾ. ಭಾಗಮಂಡಲದಲ್ಲಿ ಕಾವೇರಿ, ಕನ್ನಿಕೆ ಸೇರೋದನ್ನ ನೋಡಿದೋರಿಗೆ ಸಂಗಮದಲ್ಲಿ ಊರು ಯಾಕೆ ಹುಟ್ಟುತ್ತೆ ಅಂತ ವಿವರಿಸಬೇಕಾಗಿಲ್ಲ, ಆದ್ರೆ ನಮ್ಮಲ್ಲಿ ಸಂಗಮ ಅಂದ್ರೆ ದೇವಸ್ಥಾನ, ಅಲ್ಲಿ ಸಂಗಮ ಅಂದ್ರೆ ವ್ಯಾಪಾರ.

ಯಾಕೆ ಅಂತ ತಿಳಿಯೋಕೆ ಒಂದು ಲೆಕ್ಕ ಮಾಡಿ, ಇದು ನನಗೆ ತುಂಬ ಖುಷಿ ಕೊಟ್ಟ ಲೆಕ್ಕ. ವೋಲ್ಗಾ ಹುಟ್ಟೋದು ಇದೇ ತ್ವೇರ್ ಅಬ್ಲಾಸ್ತ್‌ನ ವೋಲ್ಗೊವೆರ್ಹೋವ್ಯೆ ಅನ್ನೋ ಹಳ್ಳಿ ಹತ್ರ, ಎತ್ತರ ಸಮುದ್ರ ಮಟ್ಟದಿಂದ ಬರೀ 228 ಮೀಟರ್. ಅಲ್ಲಿಂದ 3,530 ಕಿಲೋಮೀಟರ್ ಹರಿದು ಕ್ಯಾಸ್ಪಿಯನ್ ಸೇರುತ್ತೆ, ಆ ಕ್ಯಾಸ್ಪಿಯನ್ ಇರೋದು ಸಮುದ್ರ ಮಟ್ಟಕ್ಕಿಂತ ಸುಮಾರು 28 ಮೀಟರ್ ಕೆಳಗೆ. ಅಂದ್ರೆ ಒಟ್ಟು ಇಳಿಯೋದು 256 ಮೀಟರ್, ಕಿಲೋಮೀಟರಿಗೆ ಏಳೇ ಸೆಂಟಿಮೀಟರ್! ನಮ್ಮ ಕಾವೇರಿ ತಲಕಾವೇರೀಲಿ 1,276 ಮೀಟರ್ ಎತ್ತರದಲ್ಲಿ ಹುಟ್ಟಿ 800 ಕಿಲೋಮೀಟರಲ್ಲಿ ಸಮುದ್ರಕ್ಕೆ ಬೀಳ್ತಾಳೆ, ಸರಾಸರಿ ಕಿಲೋಮೀಟರಿಗೆ ಒಂದೂವರೆ ಮೀಟರ್, ಅದರಲ್ಲೂ ಮೊದಲ ಕೆಲವೇ ಕಿಲೋಮೀಟರಲ್ಲಿ ದಬದಬ ಅಂತ ಇಳಿದುಬಿಡ್ತಾಳೆ. ನಮ್ಮದು ಜಿಗಿಯೋ ನದಿ, ಅವರದು ತೆವಳೋ ನದಿ. ತೆವಳೋ ನದೀಲಿ ದೋಣಿ ಎರಡೂ ದಿಕ್ಕಿಗೆ ಹೋಗುತ್ತೆ, ಸಾಮಾನು ಹೋಗುತ್ತೆ, ಸುಂಕ ಹುಟ್ಟುತ್ತೆ, ಸುಂಕ ಇದ್ದಲ್ಲಿ ರಾಜ ಬಂದೇ ಬರ್ತಾನೆ. ಈ ಒಂದು ಲೆಕ್ಕ ಹಿಡ್ಕೊಂಡ್ರೆ ಮುಂದಿನ ಇತಿಹಾಸ ಅರ್ಧ ತಾನಾಗೇ ಅರ್ಥ ಆಗುತ್ತೆ.

ವೋಲ್ಗಾ ಹುಟ್ಟೋ ಜಾಗದ ಫೋಟೋಗಳನ್ನ ಹುಡುಕಿ ನೋಡಿ, ಮನೇಲಿ ಹಿರಿಯರಿದ್ರೆ ಅವರಿಗೂ ತೋರಿಸಿ. ಬುಗ್ಗೆ ಮೇಲೆ ಮರದ ಪುಟ್ಟ ಗುಡಿ ಥರ ಕಟ್ಟಿದಾರೆ, ಹೋಗೋಕೆ ಕಾಲುಸಂಕ, ಒಳಗೆ ನೆಲದಲ್ಲಿ ಒಂದು ಕಿಂಡಿ, ಅದರಲ್ಲಿ ಇಣುಕಿದ್ರೆ ನೀರು. ವರ್ಷಕ್ಕೊಂದ್ಸಲ ಪಾದ್ರಿಗಳು ಬಂದು ನೀರಿಗೆ ಪೂಜೆ ಥರದ ಶಾಸ್ತ್ರ ಮಾಡ್ತಾರೆ. ಇದನ್ನ ನೋಡಿದ ಮೇಲೆ ಅಮ್ಮನಿಗೆ ರಷ್ಯಾ ಬಗ್ಗೆ ಇದ್ದ ಅರ್ಧ ಹೆದರಿಕೆ ಹೋಯ್ತು, "ಅವರಿಗೂ ಕುಂಡಿಕೆ ಇದೆ ಅನ್ನು" ಅಂದ್ರು. ತುಲಾ ಸಂಕ್ರಮಣಕ್ಕೆ ತೀರ್ಥ ತಂದು ಇಟ್ಕೊಳ್ಳೋ ಮನೆ ನಮ್ಮದು, ಅವರಿಗೆ ಅಷ್ಟು ಸಾಕಾಯ್ತು.

ನದಿ ನೋಡ್ತಾ ಇರೋವಾಗಲೇ ನೀರು ಹರಿಯೋ ದಿಕ್ಕುಗಳನ್ನೂ ನೋಡ್ಕೊಳ್ಳಿ. ಕೊಡಗಲ್ಲಿ ಒಂದು ದಿಣ್ಣೆಯ ಈಚೆ ಬಿದ್ದ ಮಳೆ ಕಾವೇರಿ ಸೇರಿ ಬಂಗಾಳಕೊಲ್ಲಿಗೆ, ಆಚೆ ಬಿದ್ದಿದ್ದು ಬರಪೊಳೆ ಸೇರಿ ಕೇರಳ ದಾಟಿ ಅರಬ್ಬಿ ಸಮುದ್ರಕ್ಕೆ. ತ್ವೇರ್ ಸೀಮೆಯ ವಾಲ್ದಾಯ್ ದಿಣ್ಣೆ ಅದೇ ಥರ, ವೋಲ್ಗಾ ಕ್ಯಾಸ್ಪಿಯನ್ ಕಡೆ, ಪಶ್ಚಿಮ ದ್ವಿನಾ ಬಾಲ್ಟಿಕ್ ಕಡೆ, ಸ್ವಲ್ಪ ದಕ್ಷಿಣಕ್ಕೆ ದ್ನೀಪರ್ ಕಪ್ಪು ಸಮುದ್ರದ ಕಡೆ. ಈ ವಾಲ್ದಾಯ್ ಬೆಟ್ಟದ ತುತ್ತತುದಿ ಎಷ್ಟು ಗೊತ್ತಾ, 350 ಮೀಟರೂ ಇಲ್ಲ, ನಮ್ಮ ಕುಶಾಲನಗರವೇ 800 ಮೀಟರ್ ಮೇಲಿದೆ, ಅದಕ್ಕೆ ಅವರು ಬೆಟ್ಟ ಅಂತಾರೆ ಪಾಪ. ಆದ್ರೆ ಅಷ್ಟು ಚಪ್ಪಟೆ ಇರೋದರಿಂದಲೇ ಹಳೇ ಕಾಲದ ವ್ಯಾಪಾರಿಗಳು ಒಂದು ನದಿಯಿಂದ ಇನ್ನೊಂದಕ್ಕೆ ದೋಣಿಯನ್ನ ನೆಲದ ಮೇಲೆ ಎಳ್ಕೊಂಡು ಹೋಗ್ತಿದ್ರು. ಹಾಗೆ ಎಳೆಯೋ ಜಾಗಕ್ಕೆ ವೋಲೊಕ್ ಅಂತಾರೆ, ಅದೇ ಹೆಸರಿನ ಊರು ವಿಷ್ನಿ ವೊಲೊಚ್ಯೊಕ್ ತ್ವೆರ್ತ್ಸಾ ನದಿ ಮೇಲುಗಡೆ ಇವತ್ತಿಗೂ ಇದೆ. ಪೀಟರ್ ದಿ ಗ್ರೇಟ್ 1703ರಲ್ಲಿ ಅಲ್ಲೇ ಕಾಲುವೆ ತೋಡಿಸೋಕೆ ಶುರು ಮಾಡಿದ್ದು, ತನ್ನ ಹೊಸ ರಾಜಧಾನಿ ಪೀಟರ್ಸ್‌ಬರ್ಗ್‌ಗೆ ವೋಲ್ಗಾದಿಂದ ಧಾನ್ಯ ತರಿಸೋಕೆ. ಆ ದೋಣಿಗಳೆಲ್ಲ ತ್ವೇರ್ ಮುಂದೆಯೇ ಹಾದು ಹೋಗ್ಬೇಕು.

ಮುಂದಿನ ಕೆಲಸ ಬಡಾವಣೆ ಹೆಸರುಗಳು. ಇಲ್ಲೊಂದು ಕೀಲಿ ಇದೆ. ರಷ್ಯನ್ನಲ್ಲಿ ಹೆಸರಿನ ಮುಂದೆ ಝ ಅಂತ ಬಂದ್ರೆ "ಆಚೆ" ಅಂತ ಅರ್ಥ. ಝವೋಲ್ಝ್ಯೆ ಅಂದ್ರೆ ವೋಲ್ಗಾದ ಆಚೆ, ಝತ್ವೆರೆಚ್ಯೆ ತ್ವೆರ್ತ್ಸಾದ ಆಚೆ, ಝತ್ಮಾಚ್ಯೆ ತ್ಮಾಕಾದ ಆಚೆ. ಮೂರೂ ತ್ವೇರ್‌ನ ಭಾಗಗಳೇ. ಈಗ ಯೋಚನೆ ಮಾಡಿ, ಯಾವುದರಿಂದ ಆಚೆ? ಹೆಸರಿಟ್ಟೋರು ಎಲ್ಲಿ ನಿಂತಿದ್ರು? ಮೂರನ್ನೂ ಮ್ಯಾಪಲ್ಲಿ ಗುರುತು ಹಾಕಿದ್ರೆ ಮಧ್ಯ ಒಂದು ಮೂಲೆ ಉಳಿಯುತ್ತೆ, ವೋಲ್ಗಾದ ದಕ್ಷಿಣ ದಡ, ತ್ಮಾಕಾ ಬಂದು ಸೇರೋ ಜಾಗ. ಹಳೇ ಕೋಟೆ ಇದ್ದಿದ್ದು ಅಲ್ಲಿ. ಒಂದೂ ಪುಸ್ತಕ ತೆರೀದೆ ಬರೀ ಹೆಸರಿಂದ ಕೋಟೆ ಜಾಗ ಸಿಕ್ಬಿಡ್ತು ನೋಡಿ. ನಮ್ಮೂರಲ್ಲೂ ಸೇತುವೆ ದಾಟಿದ್ರೆ ಕೊಪ್ಪ, ಮೈಸೂರು ಜಿಲ್ಲೆ, "ಹೊಳೆ ಆಚೆ ಹೋಗಿದ್ದೆ" ಅಂದ್ರೆ ಸಾಕು ಎಲ್ಲರಿಗೂ ಗೊತ್ತಾಗುತ್ತೆ.

ಆದ್ರೆ ಆ ಜಾಗ ಝೂಮ್ ಮಾಡಿ ಕ್ರೆಮ್ಲಿನ್, ಅಂದ್ರೆ ಅವರ ಕೋಟೆ, ಹುಡುಕಿದ್ರೆ ನಿಮಗೆ ಸಿಗೋದು ಫುಟ್‌ಬಾಲ್ ಸ್ಟೇಡಿಯಂ. ನಾನೂ ತಪ್ಪು ನೋಡ್ತಿದೀನಿ ಅಂತಲೇ ಅನ್ಕೊಂಡೆ. ತ್ವೇರ್ ಕೋಟೆ ಮರದ್ದು, 1763ರ ಬೆಂಕೀಲಿ ಹೋಯ್ತು, ಮತ್ತೆ ಕಟ್ಟಲಿಲ್ಲ. ಅದೇ ಊರಿನ ಹಣೆಬರಹ ಬದಲಾಯಿಸಿದ ಬೆಂಕಿ, ಅದಕ್ಕೆ ಆಮೇಲೆ ಬರ್ತೀನಿ.

ಇತಿಹಾಸಕ್ಕೆ ಬಂದ್ರೆ, ರಷ್ಯಾದ ರಾಜರ ಹೆಸರು ಬಾಯಿಪಾಠ ಮಾಡೋಕೆ ಹೋಗ್ಬೇಡಿ, ಎಲ್ಲರೂ ಇವಾನ್, ಮಿಖಾಯಿಲ್, ಯಾರೋಸ್ಲಾವ್, ತಲೆ ಕೆಡುತ್ತೆ. ನೋಟ್‌ಬುಕ್ ಹಾಳೆ ಮಧ್ಯ ಗೆರೆ ಎಳೀರಿ, ಎಡಗಡೆ ಆ ಊರು, ಬಲಗಡೆ ಅದೇ ಹೊತ್ತಿಗೆ ನಮ್ಮ ಕಡೆ ಏನಾಗ್ತಿತ್ತು ಅಂತ. ಮನಸ್ಸಿಗೆ ಕೂರೋದು ಹಾಗೆ. ಊರಿನೋರು ಹುಟ್ಟಿದ ವರ್ಷ ಅಂತ ಆಚರಿಸೋದು 1135, ನಮ್ಮಲ್ಲಿ ಆಗ ಹೊಯ್ಸಳ ವಿಷ್ಣುವರ್ಧನನ ಕಾಲ. 1238ರಲ್ಲಿ ಬಾತು ಖಾನನ ಮಂಗೋಲ್ ಸೈನ್ಯ ಊರು ಸುಟ್ಟಿತು. ಅಲ್ಲಿಂದ ಸುಮಾರು ಇನ್ನೂರೈವತ್ತು ವರ್ಷ ಅವರ ಕಥೆ ಅಂದ್ರೆ ಮಂಗೋಲರಿಗೆ ಕಪ್ಪ ಕಟ್ಟೋದು, ಕಪ್ಪ ವಸೂಲಿಯ ಅಧಿಕಾರಕ್ಕೆ ತಮ್ಮತಮ್ಮಲ್ಲೇ ಹೊಡೆದಾಡೋದು. ಪಾಳೇಗಾರರ ಕಥೆ ಕೇಳಿ ಬೆಳೆದ ನಮಗೆ ಇದು ಚೆನ್ನಾಗೇ ಅರ್ಥ ಆಗುತ್ತೆ.

ಆಗ ಮಾಸ್ಕೋ ದೊಡ್ಡ ಊರೇನಲ್ಲ, ತ್ವೇರ್‌ಗೂ ಮಾಸ್ಕೋಗೂ ಸಮಸಮ ಪೈಪೋಟಿ, ಒಂದು ಹೊತ್ತಲ್ಲಿ ತ್ವೇರ್‌ದೇ ಕೈ ಮೇಲು. ತ್ವೇರ್‌ನ ಮಿಖಾಯಿಲ್ ಯಾರೋಸ್ಲಾವಿಚ್ ಎಲ್ಲ ರಾಜರಿಗೂ ಮೇಲಿನ ಮಹಾರಾಜ ಆದ. ಮಾಸ್ಕೋದ ರಾಜ ಯೂರಿ, ಮಂಗೋಲ್ ಖಾನನ ತಂಗೀನೇ ಮದುವೆಯಾದ, ಯುದ್ಧದಲ್ಲಿ ಅವಳು ತ್ವೇರ್‌ನೋರ ಕೈಗೆ ಸೆರೆ ಸಿಕ್ಕಿ ಅಲ್ಲೇ ಸತ್ತಳು, ವಿಷ ಹಾಕಿದ ಅಂತ ಮಿಖಾಯಿಲ್ ಮೇಲೆ ದೂರು ಹೋಯ್ತು, 1318ರಲ್ಲಿ ಖಾನನ ಪಾಳ್ಯದಲ್ಲಿ ಅವನನ್ನ ಕೊಂದ್ರು. ಅಲ್ಲಿನ ಚರ್ಚು ಅವನನ್ನ ಸಂತ ಅಂತ ಪೂಜಿಸುತ್ತೆ.

1327 ಮಾತ್ರ ಚೆನ್ನಾಗಿ ಬರ್ಕೊಳ್ಳಿ. ಖಾನನ ಬಂಧು ಚೋಲ್ ಖಾನ್ ಪಡೆ ಸಮೇತ ತ್ವೇರಲ್ಲಿ ಬಂದು ಕೂತಿದ್ದ. ಆಗಸ್ಟ್ 15ನೇ ತಾರೀಕು ಬೆಳಿಗ್ಗೆ ದುದ್ಕೋ ಅನ್ನೋ ಅಡ್ಡಹೆಸರಿನ ಒಬ್ಬ ಚರ್ಚಿನ ಸೇವಕ ತನ್ನ ಕೊಬ್ಬಿದ ಎಳೇ ಹೆಣ್ಣುಕುದುರೇನ ವೋಲ್ಗಾಕ್ಕೆ ನೀರು ಕುಡಿಸೋಕೆ ಹೊಡ್ಕೊಂಡು ಹೋಗ್ತಿದ್ನಂತೆ, ತಾತಾರರು (ಮಂಗೋಲ್ ಕಡೆಯೋರನ್ನ ರಷ್ಯನ್ನರು ಕರೆಯೋದು ಹಾಗೆ) ಅದನ್ನ ಕಿತ್ಕೊಂಡ್ರು, ಅವನು ಊರೋರನ್ನ ಕೂಗಿ ಕರೆದ, ಅಷ್ಟೇ, ಊರೇ ಎದ್ದು ನಿಂತು ಸಿಕ್ಕಿದ ತಾತಾರರನ್ನೆಲ್ಲ ಮುಗಿಸ್ತು ಅಂತ ಅವರ ಚರಿತ್ರೆಯ ಹಳೇ ಬರಹ ಹೇಳುತ್ತೆ. ಒಂದು ಕುದುರೆ! ಅದಕ್ಕೆ ಸೇಡು ತೀರಿಸೋಕೆ ಖಾನ್ ಕಳಿಸಿದ ಸೈನ್ಯದ ಜತೆ ಬಂದಿದ್ದು ಯಾರು ಅಂದ್ರೆ ಮಾಸ್ಕೋದ ಇವಾನ್ ಕಲಿತಾ. ತ್ವೇರ್ ಹಾಳಾಯ್ತು, ಮಾಸ್ಕೋ ಮೇಲೆ ಬಂತು. ಅದೇ ವರ್ಷದ ಬಲಗಡೆ ಸಾಲಲ್ಲಿ ನಾನು ಬರೆದಿದ್ದು, ತುಘಲಕ್ ರಾಜಧಾನೀನ ದೌಲತಾಬಾದಿಗೆ ಸಾಗಿಸಿದ್ದು. ವಿಜಯನಗರಕ್ಕೆ ಇನ್ನೂ ಒಂಬತ್ತು ವರ್ಷ ಬಾಕಿ. 1485ರಲ್ಲಿ ಮಾಸ್ಕೋದ ಮೂರನೇ ಇವಾನ್ ತ್ವೇರನ್ನ ನುಂಗಿಯೇ ಬಿಟ್ಟ, ಕೊನೇ ರಾಜ ರಾತ್ರೋರಾತ್ರಿ ಲಿಥುವೇನಿಯಾಕ್ಕೆ ಓಡಿ ಹೋದ. 1834ರಲ್ಲಿ ನಮ್ಮ ಚಿಕ್ಕವೀರರಾಜೇಂದ್ರನ ಗಾಡಿ ಮಡಿಕೇರಿ ಇಳಿದು ಹೋಗಿದ್ದು ನೆನಪಾಗ್ದೆ ಇರಲ್ಲ, ಆದ್ರೆ ಇವನು ಓಡಿದ, ನಮ್ಮವನನ್ನ ಕರ್ಕೊಂಡು ಹೋದ್ರು.

ಈಗ ಬರೋದು ನನಗೆ ಈ ಇಡೀ ಕೆಲಸದಲ್ಲಿ ಬಹಳ ಇಷ್ಟ ಆದ ಭಾಗ. ಯಾವ ಊರನ್ನ ಓದಿದ್ರೂ "ಇಲ್ಲಿಂದ ಯಾರಾದ್ರೂ ನಮ್ಮ ಕಡೆ ಬಂದಿದ್ರಾ" ಅಂತ ಒಂದ್ಸಲ ಹುಡುಕಿ, ಸಿಕ್ಕಿಲ್ಲ ಅಂದ್ರೂ ನಷ್ಟ ಇಲ್ಲ. ತ್ವೇರ್‌ಗೆ ಸಿಕ್ಕಿದ್ದು ಭರ್ಜರಿ ಉತ್ತರ: ಅಫನಾಸಿ ನಿಕಿತಿನ್. ತ್ವೇರ್‌ನ ವ್ಯಾಪಾರಿ, 1460ರ ದಶಕದ ಕೊನೆಗೆ ವೋಲ್ಗಾದಲ್ಲಿ ದೋಣಿ ಇಳಿಸಿ ಕೆಳಗೆ ಹೋದ, ಆಸ್ತ್ರಾಖಾನ್ ಹತ್ರ ತಾತಾರರು ಸಾಮಾನೆಲ್ಲ ದೋಚಿದ್ರು, ಬರಿಗೈಲಿ ಊರಿಗೆ ಹೋದ್ರೆ ಸಾಲಗಾರರ ಕಾಟ ಅಂತ ಮುಂದೆ ಮುಂದೆ ಹೋಗಿ ಬಾಕು, ಪರ್ಷಿಯಾ, ಹೊರ್ಮುಜ್ ದಾಟಿ ಕೊಂಕಣ ಕರಾವಳಿಯ ಚೌಲ್ ಬಂದರಲ್ಲಿ ಇಳಿದ. ಕೈಲಿ ಮಾರೋಕೆ ಅಂತ ತಂದ ಒಂದು ಕುದುರೆ. ನೋಡಿ ಮತ್ತೆ ಕುದುರೆ! ಜುನ್ನಾರಲ್ಲಿ ಅಲ್ಲಿನ ಅಧಿಕಾರಿ ಆ ಕುದುರೆ ಕಿತ್ಕೊಂಡು ಮತ ಬದಲಾಯಿಸಿದ್ರೆ ವಾಪಸ್ ಕೊಡ್ತೀನಿ ಅಂದ, ಒಬ್ಬ ಖುರಾಸಾನಿ ದೊಡ್ಡ ಮನುಷ್ಯ ಮಧ್ಯ ಮಾತಾಡಿ ಬಿಡಿಸಿಕೊಟ್ಟ. ಅಲ್ಲಿಂದ ಎಲ್ಲಿಗೆ ಬಂದ ಗೊತ್ತಾ, ನಮ್ಮ ಬೀದರಿಗೆ.

ಆಗ ಬೀದರಲ್ಲಿ ಬಹಮನಿ ಸುಲ್ತಾನ, ಆಡಳಿತ ಎಲ್ಲ ಮಹಮೂದ್ ಗವಾನ್ ಕೈಲಿ. ಗವಾನ್ ಕಟ್ಟಿಸಿದ, 1472ರಲ್ಲಿ ಮುಗಿದ ಮದರಸಾದ ಮಿನಾರು ಇವತ್ತಿಗೂ ನಿಂತಿದೆ, ನೀವು ಟೂರಿಗೆ ಹೋಗಿ ಫೋಟೋ ತೆಗೆಸ್ಕೊಂಡಿರ್ತೀರ, ಅದೇ. ನಿಕಿತಿನ್ ಕುದುರೆ ಮಾರಿದ್ದು ಬೀದರಲ್ಲೇ. ಸುಲ್ತಾನನ ಅರಮನೆಗೆ ಏಳು ಬಾಗಿಲು ಅಂತ ಬರೆದ, ಕುದುರೆ ವ್ಯಾಪಾರದ ಆಳಂದದ ಜಾತ್ರೆ ಬಗ್ಗೆ ಬರೆದ, ಶಿವರಾತ್ರಿಗೆ ಜನರ ಜತೆ ಶ್ರೀಶೈಲಕ್ಕೂ ಹೋಗಿ ಬಂದ. ಇಲ್ಲಿ ಹಳ್ಳಿ ಜನ ಬಡವರು, ದೊಡ್ಡೋರು ಮಾತ್ರ ವೈಭೋಗದಲ್ಲಿದ್ದಾರೆ ಅಂತ ಒಂದು ಸಾಲು ಬರೆದಿದಾನೆ, ಯಾಕೋ ಓದಿ ಸುಮ್ನಾದೆ. ಅವನ ಹಬ್ಬಗಳ ಲೆಕ್ಕದ ಪುಸ್ತಕ ದೋಚಿದ ಸಾಮಾನಲ್ಲೇ ಹೋಗಿತ್ತು, ಹಾಗಾಗಿ ಈಸ್ಟರ್ ಯಾವಾಗ, ಉಪವಾಸ ಯಾವಾಗ ಅಂತ ಗೊತ್ತಾಗ್ದೆ ಒದ್ದಾಡ್ತಾನೆ, ಪರದೇಶಕ್ಕೆ ಹೋದ ಮಕ್ಕಳು ಗೌರಿ ಹಬ್ಬ ಯಾವತ್ತು ಅಂತ ಫೋನ್ ಮಾಡಿ ಕೇಳ್ತಾರಲ್ಲ ಹಂಗೆ, ಇವನಿಗೆ ಫೋನ್ ಇಲ್ಲ. ವಾಪಸ್ ಹೋಗ್ತಾ ಸ್ಮೋಲೆನ್ಸ್ಕ್ ಮುಟ್ಟೋ ಮೊದಲೇ ತೀರ್ಕೊಂಡ, ತ್ವೇರನ್ನ ಮತ್ತೆ ನೋಡಲೇ ಇಲ್ಲ, ಅವನ ಟಿಪ್ಪಣಿಗಳು ಮಾತ್ರ 1475ರ ಹೊತ್ತಿಗೆ ಮಾಸ್ಕೋ ತಲುಪಿದ್ವು. ಹತ್ತು ವರ್ಷಕ್ಕೆ ಅವನು ಬಿಟ್ಟು ಬಂದ ಸ್ವತಂತ್ರ ತ್ವೇರ್ ಕೂಡ ಇಲ್ಲ. ವಾಸ್ಕೋ ಡ ಗಾಮಾ ಕಲ್ಲಿಕೋಟೆಗೆ ಬಂದಿದ್ದು 1498ರಲ್ಲಿ, ಇವನು ಅದಕ್ಕಿಂತ ಕಾಲು ಶತಮಾನ ಮೊದಲೇ ನಮ್ಮ ಕರ್ನಾಟಕದಲ್ಲಿ ಓಡಾಡಿದೋನು, ಶಾಲೇಲಿ ಒಬ್ಬ ಮೇಷ್ಟ್ರೂ ಹೇಳಲಿಲ್ಲ ನಮಗೆ. ತ್ವೇರಲ್ಲಿ ವೋಲ್ಗಾದ ಉತ್ತರ ದಡದಲ್ಲಿ 1955ರಲ್ಲಿ ನಿಲ್ಲಿಸಿದ ಅವನ ದೊಡ್ಡ ಪ್ರತಿಮೆ ಇದೆ, ಕಾಲ ಕೆಳಗೆ ದೋಣಿಯ ಮೂತಿ, ಆ ದಡದ ರಸ್ತೆಗೂ ಅವನದೇ ಹೆಸರು. ಮ್ಯಾಪಲ್ಲಿ ಮೊದಲ ಗುರುತು ಇದಕ್ಕೇ ಹಾಕಿ.

ಸರಿ, ಆ ಬೆಂಕಿಗೆ ಬರೋಣ. 1763, ಬಲಗಡೆ ಸಾಲಲ್ಲಿ ಹೈದರಾಲಿ ಬಿದನೂರು ಹಿಡಿದ ವರ್ಷ. ತ್ವೇರ್ ಸುಟ್ಟು ಹೋದಾಗ ಪಟ್ಟದಲ್ಲಿದ್ದೋಳು ಎರಡನೇ ಕ್ಯಾಥರೀನ್, ಮಾಸ್ಕೋ ಮತ್ತೆ ಪೀಟರ್ಸ್‌ಬರ್ಗ್ ಮಧ್ಯದ ಹೆದ್ದಾರೀಲಿರೋ ಊರು, ತಾನೇ ಓಡಾಡೋ ದಾರಿ, ಚೆನ್ನಾಗಿ ಕಾಣ್ಲಿ ಅಂತ ಹೊಸ ನಕ್ಷೆ ಹಾಕಿಸಿ ಕಟ್ಟಿಸಿದ್ಲು. ಮ್ಯಾಪಲ್ಲಿ ಊರಿನ ಮಧ್ಯಭಾಗ ನೋಡಿದ್ರೆ ಮೂರು ಬೀದಿ ಒಂದು ಕಡೆಯಿಂದ ತ್ರಿಶೂಲದ ಥರ ಕವಲಾಗೋದು ಕಾಣುತ್ತೆ, ಪೀಟರ್ಸ್‌ಬರ್ಗಲ್ಲೂ ಅದೇ ಮಾದರಿ. ಮಧ್ಯದ್ದು ಸೊವೆತ್ಸ್ಕಾಯಾ ಬೀದಿ. ರಾಣಿ ಪ್ರಯಾಣದಲ್ಲಿ ಇಳ್ಕೊಳ್ಳೋಕೆ ಅಂತ ಕಟ್ಟಿದ ಅರಮನೇಲಿ ಈಗ ಚಿತ್ರಶಾಲೆ ಇದೆ. ಅದೇ ಹೆದ್ದಾರಿ ಇನ್ನೊಂದು ತುದೀಲಿ ಮಾಸ್ಕೋದ ಮುಖ್ಯ ಬೀದಿ ತ್ವೆರ್ಸ್ಕಾಯಾ ಆಗುತ್ತೆ, ಅಂದ್ರೆ ತ್ವೇರ್ ರಸ್ತೆ, ನಮ್ಮಲ್ಲಿ ಮಡಿಕೇರಿ ರೋಡ್, ಹಾಸನ ರೋಡ್ ಅಂತೀವಲ್ಲ ಹಾಗೇ. ಬೆಂಕೀಗಿಂತ ಹಳೇದು ಏನಾದ್ರೂ ನೋಡ್ಬೇಕು ಅಂದ್ರೆ ಝತ್ಮಾಚ್ಯೆಯಲ್ಲಿ ಬಿಳಿ ತ್ರಿಮೂರ್ತಿ ಚರ್ಚ್ ಇದೆ, 1564ರದ್ದು, ಊರಲ್ಲಿ ಉಳಿದಿರೋ ಕಲ್ಲುಕಟ್ಟಡಗಳಲ್ಲಿ ಅದೇ ಹಳೇದು.

ಆಮೇಲೆ ರೈಲು ಬಂತು, ಮಾಸ್ಕೋ ಪೀಟರ್ಸ್‌ಬರ್ಗ್ ಲೈನ್, 1851. ನಮ್ಮ ಮುಂಬೈ ಠಾಣೆ ರೈಲಿಗಿಂತ ಎರಡು ವರ್ಷ ಮೊದಲು. 1898ರಿಂದ ಅಲ್ಲಿ ರೈಲು ಡಬ್ಬಿ ಮಾಡೋ ಕಾರ್ಖಾನೆ ಇದೆ, ಈಗಲೂ ಮಾಡ್ತಾರೆ, ಕೊಡಗಿಗೆ ಇವತ್ತಿನ ತನಕ ರೈಲೇ ಇಲ್ಲ ಅನ್ನೋದು ಬೇರೆ ಮಾತು. ಬಟ್ಟೆ ಗಿರಣಿಗಳೂ ಬಂದ್ವು, ಮೊರೊಜೋವ್ ಮನೆತನದೋರು ಕೆಲಸಗಾರರಿಗೆ ಅಂತ ಕಟ್ಟಿದ ಕೆಂಪು ಇಟ್ಟಿಗೆ ವಠಾರಗಳ ಫೋಟೋ ಹುಡುಕಿ, ಊರೊಳಗೊಂದು ಊರು. ಟ್ರಾಮ್ ಓಡಾಡೋ ವಿಡಿಯೋ ಸಿಕ್ಕಿದ್ರೆ ಯಾವ ವರ್ಷದ್ದು ಅಂತ ನೋಡ್ಕೊಳ್ಳಿ, 1901ರಲ್ಲಿ ಶುರುವಾಗಿದ್ದ ಟ್ರಾಮ್ 2018ರಲ್ಲಿ ನಿಂತು ಹೋಗಿದೆ, ನಮ್ಮ ಹುಡುಗಿ ಟ್ರಾಮಲ್ಲಿ ಕಾಲೇಜಿಗೆ ಹೋಗ್ತಾಳೆ ಅಂತ ಅಕ್ಕ ಊರಿಗೆಲ್ಲ ಹೇಳಿ ಆಗಿತ್ತು.

ಇನ್ನು ಕಟ್ಟಡಗಳು. ಪ್ರತಿ ದೊಡ್ಡ ಕಟ್ಟಡಕ್ಕೂ "ಇದು ಮೊದಲು ಏನಾಗಿತ್ತು" ಅಂತ ಕೇಳಿ, ಮಡಿಕೇರಿ ಕೋಟೆ ಒಳಗಿನ ಅರಮನೇಲಿ ಸರ್ಕಾರಿ ಆಫೀಸು, ಚರ್ಚಲ್ಲಿ ಮ್ಯೂಸಿಯಂ ನೋಡಿದ ನಮಗೆ ಇದು ಕಷ್ಟದ ಪ್ರಶ್ನೆ ಅಲ್ಲ. ಆದ್ರೆ ಉತ್ತರ ಕೆಲವು ಸಲ ಕಷ್ಟದ್ದು. ತ್ವೇರ್‌ನ ಮೆಡಿಕಲ್ ಯೂನಿವರ್ಸಿಟಿ 1954ರಲ್ಲಿ ಲೆನಿನ್‌ಗ್ರಾಡಿಂದ (ಪೀಟರ್ಸ್‌ಬರ್ಗಿಗೆ ಆಗಿದ್ದ ಹೆಸರು) ಅಲ್ಲಿಗೆ ಬಂದಿದ್ದು, ಸೊವೆತ್ಸ್ಕಾಯಾ ಬೀದೀಲಿ ಅದರ ಕಟ್ಟಡ ಇದೆ. ಯುದ್ಧಕ್ಕೂ ಮೊದಲು ಅದು ಸ್ಟಾಲಿನ್ ಕಾಲದ ಗುಪ್ತ ಪೊಲೀಸರ ಕಚೇರಿ. 1940ರ ಏಪ್ರಿಲ್ ಮೇ ತಿಂಗಳಲ್ಲಿ ಸೆಲಿಗೆರ್ ಸರೋವರದ ದ್ವೀಪದ ಮಠದಲ್ಲಿ ಸೆರೆ ಇಟ್ಟಿದ್ದ ಪೋಲೆಂಡಿನ ಪೊಲೀಸರು, ಗಡಿ ಕಾವಲುಗಾರರು, ಸುಮಾರು 6,300 ಜನರನ್ನ ರಾತ್ರಿ ರಾತ್ರಿ ಆ ಕಟ್ಟಡಕ್ಕೆ ತಂದು ಗುಂಡಿಕ್ಕಿದ್ರು, ಹೆಣಗಳನ್ನ ಊರಾಚೆ ಮೆದ್ನೋಯೆ ಹತ್ರ ಹೂತ್ರು. ಅಲ್ಲಿ ಸ್ಮಾರಕ ಇದೆ. ಕಟ್ಟಡದ ಗೋಡೆ ಮೇಲೂ ನೆನಪಿನ ಫಲಕ ಇದ್ವು, 2020ರ ಮೇ ತಿಂಗಳಲ್ಲಿ ತೆಗೆದುಹಾಕಿದ್ರು. ಇದನ್ನ ಅಕ್ಕನಿಗೆ ಹೇಳ್ಬೇಕಾ ಬೇಡ್ವಾ ಅಂತ ತುಂಬ ಯೋಚಿಸಿ ಹೇಳಲಿಲ್ಲ, ಹುಡುಗಿಗೆ ಹೇಳಿದೆ, ಓದೋ ಮಕ್ಕಳಿಗೆ ತಾವು ಕೂರೋ ಜಾಗ ಗೊತ್ತಿರಬೇಕು ಅಂತ ನನ್ನ ಅಭಿಪ್ರಾಯ. ಮರುವರ್ಷ, 1941ರ ಅಕ್ಟೋಬರಲ್ಲಿ ಜರ್ಮನ್ನರು ಊರು ಹಿಡಿದ್ರು, ಡಿಸೆಂಬರ್ 16ಕ್ಕೆ ಸೋವಿಯತ್ ಸೈನ್ಯ ವಾಪಸ್ ಬಿಡಿಸ್ಕೊಳ್ತು, ಎರಡೇ ತಿಂಗಳು, ಊರು ನುಚ್ಚುನೂರು.

ಹವಾಮಾನಕ್ಕೆ ನಮ್ಮ ಇಂಚು ಲೆಕ್ಕವೇ ಸಾಕು. ತೋಟದೋರಿಗೆ ಹೇಳೋದಾದ್ರೆ ಮಡಿಕೇರೀಲಿ 120 ಇಂಚು ದಾಟೋದು ಮಾಮೂಲು, ತ್ವೇರಲ್ಲಿ ವರ್ಷಕ್ಕೆ 25-27 ಇಂಚು, ಅದರಲ್ಲಿ ಒಂದು ಪಾಲು ಹಿಮ. ಅದಕ್ಕೇ ಅಲ್ಲಿ ಹೊಳೆ ಏರೋದು ಆಗಸ್ಟಲ್ಲಲ್ಲ, ಏಪ್ರಿಲಲ್ಲಿ, ಹಿಮ ಕರಗಿದಾಗ. 2018, 2019ರಲ್ಲಿ ನಮ್ಮ ಲೇಔಟುಗಳಿಗೆ ಕಾವೇರಿ ನುಗ್ಗಿದ್ದು ನೋಡಿದ ಅಕ್ಕನಿಗೆ ಮೊದಲ ಪ್ರಶ್ನೆಯೇ ಇದಾಗಿತ್ತು. ಜನವರಿ ಸರಾಸರಿ ಮೈನಸ್ 8ರ ಆಸುಪಾಸು, ಕೆಲವು ರಾತ್ರಿ ಮೈನಸ್ 25ಕ್ಕೂ ಇಳಿಯುತ್ತೆ. ಥಂಡಿಗಿಂತ ಕತ್ತಲೆ ಬಗ್ಗೆ ಮಕ್ಕಳಿಗೆ ಮೊದಲೇ ಹೇಳಿ, ಊರಿರೋದು 57 ಡಿಗ್ರಿ ಉತ್ತರದ ಹತ್ರ, ಡಿಸೆಂಬರಲ್ಲಿ ಹಗಲು ಸುಮಾರು 7 ಗಂಟೆ, ಜೂನಲ್ಲಿ 17 ಗಂಟೆಗೂ ಜಾಸ್ತಿ. ಟೈಮ್ ನಮಗಿಂತ ಎರಡೂವರೆ ಗಂಟೆ ಹಿಂದೆ, ನಮ್ಮ ರಾತ್ರಿ ಊಟದ ಹೊತ್ತಿಗೆ ಅಲ್ಲಿ ಸಂಜೆ, ಫೋನಿಗೆ ಅದು ಒಳ್ಳೇ ಹೊತ್ತು. ಮಾಸ್ಕೋದಿಂದ ಸುಮಾರು 170 ಕಿಲೋಮೀಟರ್, ನಾವು ಬೆಂಗಳೂರಿಗೆ ಹೋಗೋದಕ್ಕಿಂತ ಹತ್ತಿರ, ರೈಲಲ್ಲಿ ಎರಡು ಗಂಟೆ ಒಳಗೆ ಮುಗಿಯುತ್ತೆ.

ಎಲ್ಲ ಆದ ಮೇಲೆ ಮೊಬೈಲ್ ಪಕ್ಕಕ್ಕಿಟ್ಟು ಒಂದು ಖಾಲಿ ಹಾಳೇಲಿ ಊರನ್ನ ಕೈಯಲ್ಲಿ ಬರೀರಿ. ಅಡ್ಡಕ್ಕೆ ವೋಲ್ಗಾ, ಮೇಲಿಂದ ತ್ವೆರ್ತ್ಸಾ, ಕೆಳಗಿಂದ ತ್ಮಾಕಾ, ಮೂಲೇಲಿ ಇಲ್ಲದ ಕೋಟೆ, ಅಲ್ಲಿಂದ ಸ್ವಲ್ಪ ಪೂರ್ವಕ್ಕೆ ತ್ರಿಶೂಲದ ಬೀದಿಗಳು, ನದಿ ಆಚೆ ನಿಕಿತಿನ್, ದಕ್ಷಿಣಕ್ಕೆ ರೈಲ್ವೆ ಸ್ಟೇಷನ್. ನೋಡ್ದೆ ಬರೆಯೋಕೆ ಬಂತು ಅಂದ್ರೆ ಊರು ಬಂತು ಅಂತ. ನಮ್ಮನೇದು ಫ್ರಿಜ್ ಮೇಲೆ ಅಂಟಿಸಿದೀವಿ, ಅರಿಶಿನದ ಕಲೆ ಬೇರೆ ಆಗಿದೆ. ಮೊನ್ನೆ ಹುಡುಗಿ ವಿಡಿಯೋ ಕಾಲಲ್ಲಿ "ಅಜ್ಜಿ, ಹೊಸ ರೂಮಿಗೆ ಶಿಫ್ಟ್ ಆದೆ" ಅಂದ್ಲು, ಅಮ್ಮ ಕನ್ನಡಕ ಹಾಕ್ಕೊಂಡು ಫ್ರಿಜ್ ಹತ್ರ ಹೋಗಿ "ಹೊಳೆ ಈಚೆನಾ ಆಚೆನಾ?" ಅಂತ ಕೇಳಿದ್ರು.